ದೃಷ್ಟಾಂತದ ಪತಂಗ, ದೀಪದ ಪತಂಗ

ಆಶ್ವಯುಜ ಮಾಸವು ಕಾಲಿಟ್ಟಿತೆಂದರೆ ಕನ್ನಡನಾಡಿನ ಆಕಾಶದ ಮುಖವೇ ಬದಲಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ಬೆಟ್ಟದ ನೆತ್ತಿಯವರೆಗೂ ಇಳಿದಿದ್ದ ಕಾರ್ಮೋಡಗಳು ಚದುರಿ, ನಡುನಡುವೆ ತೊಳೆದಿಟ್ಟಂತಹ ನೀಲಿ ತೋರುತ್ತದೆ. ಹಸ್ತ ಮಳೆ ಹೋಗಿ ಚಿತ್ತಾ ಮಳೆ, ಚಿತ್ತಾ ಹೋಗಿ ಸ್ವಾತಿ ಎಂದು ರೈತನು ಬೆರಳೆಣಿಸುತ್ತಿರುವಾಗಲೇ ಗದ್ದೆಯಲ್ಲಿ ಭತ್ತದ ತೆನೆ ಹಾಲುಗಟ್ಟುತ್ತದೆ. ಬೆಳಗಿನ ಜಾವದಲ್ಲಿ ಬೇಲಿಯ ಮೇಲಿನ ಜೇಡರ ಬಲೆಗಳು ಇಬ್ಬನಿಯಿಂದ ತುಂಬಿ, ಅಲ್ಲಿಯವರೆಗೆ ಕಾಣದಿದ್ದ ಎಳೆ ಎಳೆಯೂ ಕಣ್ಣಿಗೆ ಬೀಳುತ್ತದೆ. ಹಗಲು ಕಿರಿದಾಗುತ್ತದೆ. ಜೂನ್ ತಿಂಗಳ ಕೊನೆಯಲ್ಲಿ ಏಳು ಗಂಟೆಯ ಸಮೀಪದಲ್ಲಿ ಮುಳುಗುತ್ತಿದ್ದ ಸೂರ್ಯನು ದೀಪಾವಳಿಯ ಹೊತ್ತಿಗೆ ಆರು ಗಂಟೆಯ ಸುಮಾರಿಗೇ ಅಸ್ತಮಿಸುತ್ತಾನೆ. ಈ ಬದಲಾವಣೆಯನ್ನು ಗಡಿಯಾರಕ್ಕಿಂತ ಚೆನ್ನಾಗಿ ಬಲ್ಲವರು ಅನಸ್ತಮಿತ ನಿಯಮವನ್ನು ಪಾಲಿಸುವ ಮನೆಯ ಗೃಹಿಣಿಯರು. ಹೊತ್ತು ಮುಳುಗುವುದಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆಯೇ ಊಟ ಮುಗಿಯಬೇಕೆಂದರೆ ಅವರ ಒಲೆಯು ದಿನದಿಂದ ದಿನಕ್ಕೆ ಬೇಗ ಹೊತ್ತಿಕೊಳ್ಳಬೇಕಾಗುತ್ತದೆ.

ಶರದೃತುವು ಕಣ್ಣಿಗೆ ಹಿತವಾದ ಕಾಲ. ಆದರೆ ಅದು ಜೀವರಾಶಿಯು ತುಂಬಿ ತುಳುಕುವ ಕಾಲವೂ ಹೌದೆಂಬುದನ್ನು ಶ್ರಾವಕನು ಮರೆಯಬಾರದು. ಮಳೆಗಾಲದುದ್ದಕ್ಕೂ ಹುಟ್ಟಿ ಬೆಳೆದ ಕೀಟಗಳಿಗೆ ಇದು ರೆಕ್ಕೆ ಬಲಿತ ಸಮಯ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಹಳದಿ ಮೈಯ ಕೀಟವು ಈ ದಿನಗಳಲ್ಲಿ ಗದ್ದೆಯ ಮೇಲೆ, ಅಂಗಳದ ಮೇಲೆ ಗುಂಪುಗುಂಪಾಗಿ ತೇಲುವುದನ್ನು ಎಲ್ಲರೂ ನೋಡಿದ್ದಾರೆ. ಮಾಲ್ಡೀವ್ಸ್ ದ್ವೀಪಗಳಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅವರು 2009ರಲ್ಲಿ ಈ ಕೀಟದ ವಿಷಯವಾಗಿ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಅಕ್ಟೋಬರ್ ತಿಂಗಳಿನಿಂದ ಇವು ಭಾರತದ ಕಡೆಯಿಂದ ಗಾಳಿಯನ್ನು ಹಿಡಿದು ಹೊರಟು, ಸಿಹಿನೀರಿನ ಕೆರೆಯೊಂದೂ ಇಲ್ಲದ ಸಮುದ್ರವನ್ನು ದಾಟಿ, ಮಾಲ್ಡೀವ್ಸ್ ಮಾರ್ಗವಾಗಿ ಪೂರ್ವ ಆಫ್ರಿಕೆಯವರೆಗೆ ಹೋಗುತ್ತವೆಂಬುದು ಅವರು ಕಂಡುಕೊಂಡ ವಿಚಾರ. ಬೆರಳುದ್ದದ ದೇಹ, ಗಾಜಿನ ಹಾಳೆಯಂತಹ ರೆಕ್ಕೆ, ಸಾವಿರಾರು ಮೈಲಿಗಳ ಪಯಣ! ಅಂಗಳದಲ್ಲಿ ಅದರ ಬಾಲಕ್ಕೆ ದಾರ ಕಟ್ಟಿ ಆಡುವ ಮಗುವಿಗೆ ತಾನು ಯಾವ ಯಾತ್ರೆಯನ್ನು ತಡೆದೆನೆಂಬುದು ತಿಳಿಯದು. ತಿಳಿಸಬೇಕಾದುದು ಹಿರಿಯರ ಕರ್ತವ್ಯ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯವು ಹೆಚ್ಚುತ್ತಾ ಹೋಗುವುದನ್ನು ತಿಳಿಸಿದ್ದಾರೆ. ಹಾರುವ ಈ ಕೀಟಗಳು ಸ್ಪರ್ಶನ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳುಳ್ಳ ಚತುರಿಂದ್ರಿಯ ಜೀವಗಳು. ಅವುಗಳಿಗೆ ಕಣ್ಣಿದೆ, ಕಂಡುದನ್ನು ವಿವೇಚಿಸುವ ಮನಸ್ಸಿಲ್ಲ. ಈ ಒಂದು ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ವಿಷಯಕ್ಕೆ ಹೋಗಬೇಕು.

ಧರ್ಮದ ಪಂಚಾಂಗದಲ್ಲಿಯೂ ಇದು ಸಂಧಿಕಾಲ. ಭಾದ್ರಪದದ ದಶಲಕ್ಷಣ ಪರ್ವವು ಕಳೆದು, ಕ್ಷಮಾವಾಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಬೇಡಿದ್ದಾಗಿದೆ. ಆಷಾಢ ಶುಕ್ಲ ಚತುರ್ದಶಿಯಂದು ವರ್ಷಾಯೋಗವನ್ನು ಸ್ಥಾಪಿಸಿ ಒಂದೆಡೆ ನಿಂತ ಮುನಿ ಮಹಾರಾಜರು ಕನ್ನಡನಾಡಿನ ಲೆಕ್ಕದಲ್ಲಿ ಆಶ್ವಯುಜ ಬಹುಳ, ಉತ್ತರದ ಲೆಕ್ಕದಲ್ಲಿ ಕಾರ್ತಿಕ ಕೃಷ್ಣ ಚತುರ್ದಶಿಯ ಕೊನೆಯ ಜಾವದಲ್ಲಿ ಅದನ್ನು ಮುಕ್ತಾಯಗೊಳಿಸುತ್ತಾರೆ. ಆ ಜಾವವು ಕಳೆದು ಬರುವ ಅಮಾವಾಸ್ಯೆಯ ಉಷಃಕಾಲವೇ ಪಾವಾಪುರದಲ್ಲಿ ಭಗವಾನ್ ಮಹಾವೀರ ಸ್ವಾಮಿಯು ನಿರ್ವಾಣ ಹೊಂದಿದ ಪವಿತ್ರ ಮುಹೂರ್ತ. ಗೃಹಸ್ಥರ ಮನೆಗಳಲ್ಲಿಯೂ ಚಾತುರ್ಮಾಸಕ್ಕೆಂದು ಹಿಡಿದ ನಿಯಮಗಳಿರುತ್ತವೆ. ಹಸಿರು ಸೊಪ್ಪನ್ನು ಬಿಟ್ಟವರುಂಟು, ಏಕಾಶನ ಹಿಡಿದವರುಂಟು, ರಾತ್ರಿಯ ಊಟವನ್ನು ನಾಲ್ಕು ತಿಂಗಳ ಮಟ್ಟಿಗೆ ತ್ಯಜಿಸಿದವರುಂಟು. ದೀಪಾವಳಿ ಬಂದಿತೆಂದರೆ ಇವರಲ್ಲಿ ಅನೇಕರು ‘ಅಂತೂ ಮುಗಿಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ.

ಮುಗಿದುದೇನು ಎಂಬುದೇ ಇಲ್ಲಿಯ ಪ್ರಶ್ನೆ. ವರ್ಷಾಯೋಗದ ಕಾರಣವನ್ನು ಆಗಮವು ಮುಚ್ಚಿಟ್ಟಿಲ್ಲ. ಮಳೆಯಿಂದ ನೆಲವೆಲ್ಲ ಸ್ಥಾವರ ಮತ್ತು ತ್ರಸ ಜೀವಗಳಿಂದ ತುಂಬಿರುವಾಗ ನಡೆದಾಡಿದರೆ ಆರು ಕಾಯದ ಜೀವಗಳ ವಿರಾಧನೆಯಾಗುತ್ತದೆ. ಆದುದರಿಂದ ಮುನಿಯು ನಿಲ್ಲುತ್ತಾನೆ. ಕಾರಣ ಜೀವದಯೆ, ತಿಥಿಯು ಅದರ ಗುರುತು ಮಾತ್ರ. ಇದನ್ನು ಪೂರ್ವಾಚಾರ್ಯರು ಎಷ್ಟು ಸ್ಪಷ್ಟವಾಗಿ ಬಲ್ಲವರಾಗಿದ್ದರೆಂಬುದಕ್ಕೆ ಒಂದು ನಿದರ್ಶನ ಸಾಕು. ಶಿವಾರ್ಯರ ಭಗವತೀ ಆರಾಧನೆಗೆ ಅಪರಾಜಿತ ಸೂರಿಗಳು ಬರೆದ ವಿಜಯೋದಯಾ ಟೀಕೆಯಲ್ಲಿ, ಮಳೆ ಬಹಳವಾಗಿರುವುದು, ಶಾಸ್ತ್ರಾಭ್ಯಾಸ, ದೇಹಶಕ್ತಿಯ ಕೊರತೆ, ವೈಯಾವೃತ್ಯ ಎಂಬ ಕಾರಣಗಳಿದ್ದರೆ ಸಾಧುವು ಕಾರ್ತಿಕ ಪೂರ್ಣಿಮೆಯ ಮೇಲೆಯೂ ಮೂವತ್ತು ದಿನ ಅಲ್ಲಿಯೇ ನಿಲ್ಲಬಹುದೆಂದು ಹೇಳಿದೆ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಗಾಹೆಗಳು ಈ ಭಗವತೀ ಆರಾಧನೆಯವೇ ಎಂಬುದನ್ನು ನೆನೆದರೆ, ಈ ಗ್ರಂಥವು ಕನ್ನಡದ ಶ್ರಾವಕರಿಗೆ ದೂರದ್ದಲ್ಲವೆಂದು ತಿಳಿಯುತ್ತದೆ. ಮಳೆಯು ನಿಲ್ಲದಿದ್ದರೆ ಯೋಗವೂ ಮುಂದುವರಿಯಬಹುದು. ಇದು ಆಚಾರ್ಯರ ದೃಷ್ಟಿ.

ಈಚಿನ ವರ್ಷಗಳ ಹವಾಮಾನದ ಸುದ್ದಿಯನ್ನು ಈ ಬೆಳಕಿನಲ್ಲಿ ಓದಬೇಕು. ವಾಯವ್ಯ ಭಾರತದಿಂದ ನೈಋತ್ಯ ಮುಂಗಾರು ಹಿಂದೆ ಸರಿಯಲು ತೊಡಗುವ ದಿನವೆಂದು ಹಿಂದೆ ಸೆಪ್ಟೆಂಬರ್ 1ನೆಯ ತಾರೀಖನ್ನು ಗೊತ್ತು ಮಾಡಲಾಗಿತ್ತು. 2020ರಲ್ಲಿ ಭಾರತೀಯ ಹವಾಮಾನ ಇಲಾಖೆಯು ಅದನ್ನು ಸೆಪ್ಟೆಂಬರ್ 17ಕ್ಕೆ ಮುಂದೂಡಿತು. ಅದರ ಹಿಂದಿನ ವರ್ಷ, 2019ರಲ್ಲಿ, ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ ಬಾಗಲಕೋಟೆ ಜಿಲ್ಲೆಗಳ ಊರೂರುಗಳನ್ನೇ ಮುಳುಗಿಸಿದವು. ಮುಂಗಾರು ಹಿಂದೆ ಸರಿಯಲು ತೊಡಗಿದ್ದು ಅಕ್ಟೋಬರ್ 9ರಂದು, ಅಲ್ಲಿಯವರೆಗಿನ ದಾಖಲೆಗಳಲ್ಲೆಲ್ಲ ಅತ್ಯಂತ ತಡವಾಗಿ. ಮುಂಗಾರಿನ ಬೆನ್ನಿಗೇ ಹಿಂಗಾರೂ ಇದೆ. ಸರಕಾರದ ಇಲಾಖೆಯೇ ಮಳೆಯನ್ನು ನೋಡಿ ತನ್ನ ತಾರೀಖನ್ನು ತಿದ್ದಿಕೊಂಡಿರುವಾಗ, ಜೀವದಯೆಯನ್ನೇ ಧರ್ಮದ ಮೂಲವೆಂದು ನಂಬಿದ ಮನೆಯು ಗೋಡೆಯ ಕ್ಯಾಲೆಂಡರನ್ನು ನೋಡಿ ದಯೆಯ ಕಾಲವು ಮುಗಿಯಿತೆಂದುಕೊಳ್ಳುವುದು ಉಚಿತವೆ?

ಇದನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ಮನೆಯ ದೃಷ್ಟಾಂತವನ್ನು ನೋಡಬಹುದು.

ಮಲೆನಾಡಿನ ಅಂಚಿನಲ್ಲಿ ಗದ್ದೆಬಯಲಿನ ಪಕ್ಕದ ಒಂದು ಶ್ರಾವಕರ ಮನೆ. ಮನೆಯ ಹಿರಿಯಾಕೆ ಮದುವೆಯಾಗಿ ಬಂದ ವರ್ಷದಿಂದ ಚಾತುರ್ಮಾಸದ ನಿಯಮಗಳನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಮೊಮ್ಮಗನು ಬೆಂಗಳೂರಿನಲ್ಲಿ ಓದುವ ಹುಡುಗ. ಅಜ್ಜಿಯ ಮಾತಿಗೆ ಒಪ್ಪಿ ಅವನೂ ಆ ವರ್ಷ ನಾಲ್ಕು ತಿಂಗಳು ರಾತ್ರಿ ಊಟವನ್ನು ಬಿಟ್ಟಿದ್ದನು. ಹಾಸ್ಟೆಲಿನಲ್ಲಿ ಊಟದ ಗಂಟೆ ಬಾರಿಸುವುದು ಎಂಟಕ್ಕೆ. ಸಂಜೆ ಐದಕ್ಕೆ ಅವಲಕ್ಕಿಯನ್ನೋ ಬಾಳೆಹಣ್ಣನ್ನೋ ತಿಂದು ಉಳಿದವರು ಉಣ್ಣುವುದನ್ನು ನೋಡುತ್ತಾ ಕುಳಿತ ದಿನಗಳು ಅವನಿಗೆ ಸುಲಭವಾಗಿರಲಿಲ್ಲ. ದೀಪಾವಳಿಗೆ ಊರಿಗೆ ಬಂದವನು ಅಮಾವಾಸ್ಯೆಯ ಬೆಳಗ್ಗೆ ಎಲ್ಲರೊಡನೆ ಬಸದಿಗೆ ಹೋಗಿ ನಿರ್ವಾಣ ಪೂಜೆಯಲ್ಲಿ ಲಾಡು ಅರ್ಪಿಸಿ ಬಂದನು. ಸಂಜೆ ಅಜ್ಜಿಯ ಜೊತೆಗೆ ಜಗಲಿಯ ಅಂಚಿನುದ್ದಕ್ಕೂ ಹಣತೆಗಳನ್ನಿಟ್ಟು ಹಚ್ಚಿದನು. ಮಾಡಿನಿಂದ ಮಾಡಿಗೆ ಬಿಳಿಯ ವಿದ್ಯುದ್ದೀಪಗಳ ಸರವನ್ನೂ ಇಳಿಬಿಟ್ಟನು. ಆಮೇಲೆ ನಗುತ್ತಾ ಕೇಳಿದನು: “ಅಜ್ಜೀ, ವರ್ಷಾಯೋಗ ಬೆಳಗಿನ ಜಾವಕ್ಕೇ ಮುಗಿಯಿತಲ್ಲ? ಇವತ್ತು ರಾತ್ರಿ ಎಲ್ಲರ ಜೊತೆ ಉಣ್ಣಬಹುದಲ್ಲ?”

ಅಜ್ಜಿ ಕೂಡಲೇ ಉತ್ತರ ಹೇಳಲಿಲ್ಲ. ಅವರು ಬಗ್ಗಿ ಹಣತೆಯೊಂದನ್ನು ನೋಡುತ್ತಿದ್ದರು. ಎಣ್ಣೆಯ ಮೇಲೆ ಹಸಿರು ಪುಡಿ ಚೆಲ್ಲಿದಂತೆ ಕಾಣುತ್ತಿತ್ತು. ಕನ್ನಡಕ ಸರಿಮಾಡಿಕೊಂಡು ನೋಡಿದರೆ ಅದು ಪುಡಿಯಲ್ಲ. ಅಕ್ಕಿನುಚ್ಚಿನಷ್ಟು ಗಾತ್ರದ ಹಸಿರು ಜಿಗಿಹುಳುಗಳು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಭತ್ತದ ಗದ್ದೆಯಲ್ಲಿ ರಸ ಹೀರಿ ಬದುಕುವ ಈ ಕೀಟಗಳು ಶರತ್ಕಾಲದಲ್ಲಿ ಹೆಚ್ಚಿ ಇರುಳಿನಲ್ಲಿ ದೀಪದ ಬಳಿಗೆ ಬರುವುದನ್ನು ಗದ್ದೆಯ ಊರಿನವರೆಲ್ಲ ಬಲ್ಲರು. ಬೆಳಕಿನ ಬಲೆಯೊಡ್ಡಿ ಪರೀಕ್ಷಿಸುವ ಕೃಷಿ ವಿಜ್ಞಾನಿಗಳಿಗೆ, ಹುಣ್ಣಿಮೆಯ ಬೆಳದಿಂಗಳಿಗಿಂತ ಅಮಾವಾಸ್ಯೆಯ ಕತ್ತಲಿನಲ್ಲಿ ಕೀಟಗಳು ಹೆಚ್ಚಾಗಿ ಸಿಕ್ಕಿಬೀಳುತ್ತವೆಂಬುದು ಹಳೆಯ ಅನುಭವ. ವರ್ಷದಲ್ಲಿ ಅತಿ ಹೆಚ್ಚು ದೀಪಗಳು ಉರಿಯುವ ರಾತ್ರಿಯು ಅಮಾವಾಸ್ಯೆಯೇ ಆಗಿದೆ, ಗದ್ದೆಗಳು ಕೀಟಗಳಿಂದ ತುಂಬಿರುವ ಕಾಲವೇ ಆಗಿದೆ.

“ಮಗೂ, ನಾಲ್ಕು ತಿಂಗಳು ಒಂದು ಹುಳು ಅನ್ನಕ್ಕೆ ಬೀಳಬಾರದು ಅಂತ ಹೊತ್ತಿಗೆ ಮುಂಚೆ ಉಂಡೆ. ಇವತ್ತು ಸ್ವಾಮಿಯ ಹೆಸರಿನಲ್ಲಿ ನಾನೇ ಕೈಯಾರೆ ಇಷ್ಟನ್ನು ಸುಟ್ಟೆನಲ್ಲ,” ಎಂದರು ಅಜ್ಜಿ. ಅವರ ಧ್ವನಿ ನಡುಗುತ್ತಿತ್ತು.

ಈ ಮಾತಿಗೆ ಹುಡುಗನಲ್ಲಿ ಉತ್ತರವಿರಲಿಲ್ಲ. ಆದರೆ ಅವನು ಓದಿದ್ದ ಒಂದು ಸುದ್ದಿ ನೆನಪಿಗೆ ಬಂದಿತು. 2024ರ ಜನವರಿಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮೊದಲಾದ ಕಡೆಗಳ ವಿಜ್ಞಾನಿಗಳು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಅದು. ಪತಂಗ ಮೊದಲಾದ ಕೀಟಗಳು ದೀಪದ ಸುತ್ತ ಹಾರುವುದನ್ನು ಅವರು ಅತಿ ವೇಗದ ಕ್ಯಾಮೆರಾಗಳಿಂದ ಚಿತ್ರಿಸಿದ್ದರು. ದೀಪದ ಸಮೀಪಕ್ಕೆ ಬಂದ ಕೀಟವು ನೇರವಾಗಿ ಅದರ ಮೇಲೆ ಎರಗುವುದಿಲ್ಲ. ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಅನಾದಿಯಿಂದ ಇರುಳಿನಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳಕಾಗಿರುವುದರಿಂದ, ಬೆಳಕಿದ್ದ ಕಡೆಯೇ ಮೇಲುಗಡೆ ಎಂದು ತಿಳಿದು, ಅತ್ತ ಬೆನ್ನು ಮಾಡಿ ಹಾರುವುದು ಅವುಗಳ ಸ್ವಭಾವ. ನಡುವೆ ಒಂದು ದೀಪ ಬಂದಾಗ ಅದನ್ನೇ ಆಕಾಶವೆಂದು ಬಗೆಯುತ್ತವೆ. ಬೆನ್ನನ್ನು ಅದರತ್ತ ವಾಲಿಸಿದಂತೆಲ್ಲ ಹಾರುವ ದಾರಿಯು ಬಾಗಿ ಬಾಗಿ ದೀಪವನ್ನೇ ಸುತ್ತತೊಡಗುತ್ತವೆ. ಬೆಳಕು ಕೆಳಗಿನಿಂದ ಬಂದರೆ ಮಗುಚಿಕೊಂಡು ನೆಲಕ್ಕೆ ಬೀಳುತ್ತವೆ. ಎಲ್ಲ ಕೀಟಗಳೂ ಹೀಗಲ್ಲ. ಕಣಗಿಲೆ ಗಿಡದಲ್ಲಿ ಬೆಳೆಯುವ ಒಂದು ಜಾತಿಯ ಪತಂಗವು ಪರೀಕ್ಷೆಯಲ್ಲಿ ಹೀಗೆ ಸಿಕ್ಕಿಕೊಳ್ಳಲಿಲ್ಲ. ಆದರೆ ಬಹುಪಾಲು ಕೀಟಗಳ ಗತಿ ಇದು.

“ಅವು ದೀಪಕ್ಕೆ ಆಸೆಪಟ್ಟು ಬರುವುದಲ್ಲವಂತೆ ಅಜ್ಜೀ, ದೀಪವನ್ನೇ ಆಕಾಶ ಅಂತ ತಿಳಿದುಕೊಳ್ಳುತ್ತವಂತೆ,” ಎಂದನು ಹುಡುಗ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಒಂದೊಂದಾಗಿ ಹಣತೆಗಳನ್ನು ಒಳಗೆ ತಂದರು.

ಶಾಸ್ತ್ರವನ್ನು ಕೇಳುವವರೆಲ್ಲರಿಗೂ ಪತಂಗದ ದೃಷ್ಟಾಂತವು ಪರಿಚಿತ. ಸ್ಪರ್ಶದಿಂದ ಆನೆ, ರಸದಿಂದ ಮೀನು, ಗಂಧದಿಂದ ದುಂಬಿ, ರೂಪದಿಂದ ಪತಂಗ, ಶಬ್ದದಿಂದ ಜಿಂಕೆ ಹೀಗೆ ಒಂದೊಂದು ಇಂದ್ರಿಯದ ವಶವಾದ ಜೀವಗಳೇ ನಾಶವಾಗುವಾಗ, ಐದು ಇಂದ್ರಿಯಗಳ ಬೆನ್ನು ಹತ್ತಿದ ಮನುಷ್ಯನ ಪಾಡೇನು ಎಂದು ಉಪದೇಶಿಸುತ್ತಾರೆ. ದಶಲಕ್ಷಣದ ಆರನೆಯ ದಿನ, ಉತ್ತಮ ಸಂಯಮ ಧರ್ಮದ ವಿವರಣೆಯಲ್ಲಿ, ಈ ದೃಷ್ಟಾಂತವು ಪ್ರತಿ ಬಸದಿಯಲ್ಲಿಯೂ ಕೇಳಿಬರುತ್ತದೆ. ಆ ಉಪದೇಶವು ಮನುಷ್ಯನನ್ನು ಎಚ್ಚರಿಸುವುದಕ್ಕಾಗಿ ಹೇಳಿದ್ದು. ಅದರ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಹೊಸ ಸಂಶೋಧನೆಯು ಅದನ್ನು ಅಳಿಸುವುದೂ ಇಲ್ಲ. ಕರ್ಮಬಂಧದ ಕಾರಣಗಳನ್ನು ಎಣಿಸುವಾಗ ಸೂತ್ರಕಾರರು ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂದು ಐದನ್ನು ಹೇಳಿ, ಮಿಥ್ಯಾದರ್ಶನಕ್ಕೆ ಮೊದಲ ಸ್ಥಾನವನ್ನು ಕೊಟ್ಟಿದ್ದಾರೆ. ಇಷ್ಟು ಕಾಲ ಅವಿರತಿಗೆ ಉದಾಹರಣೆಯಾಗಿದ್ದ ಪತಂಗವು ಈಗ ಮಿಥ್ಯಾದರ್ಶನಕ್ಕೂ ಉದಾಹರಣೆಯಾಗುತ್ತದೆ. ಹತ್ತಿರದ ಸಣ್ಣ ಬೆಳಕನ್ನು ಮಹಾಕಾಶವೆಂದು ತಿಳಿಯುವುದು, ತಿಳಿದ ಮೇಲೆ ಎಷ್ಟು ಹಾರಿದರೂ ಅದರ ಸುತ್ತಲೇ ಸುತ್ತುವುದು, ದಣಿದು ಅಲ್ಲಿಯೇ ಬೀಳುವುದು, ಇದಲ್ಲವೆ ಸಂಸಾರ? ಅತತ್ತ್ವವನ್ನು ತತ್ತ್ವವೆಂದು ನಂಬಿದವನ ಪುರುಷಾರ್ಥವೆಲ್ಲ ಹೀಗೆಯೇ ಬಾಗಿದ ದಾರಿಯಾಗುತ್ತದೆ.

ಆದರೆ ಅಜ್ಜಿಯ ದುಃಖವು ಎತ್ತಿದ ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಸಂಯಮವು ಎರಡು ಬಗೆ: ಇಂದ್ರಿಯಸಂಯಮ ಮತ್ತು ಪ್ರಾಣಿಸಂಯಮ. ಇಂದ್ರಿಯಸಂಯಮವನ್ನು ಕಲಿಸುವಾಗ ಪತಂಗವು ದೃಷ್ಟಾಂತವಾಗಿ ಬರುತ್ತದೆ. ಪ್ರಾಣಿಸಂಯಮದ ಮಾತು ಬಂದಾಗಲೋ, ಅದೇ ಪತಂಗವು ಕಾಪಾಡಬೇಕಾದ ಜೀವ. ರಾತ್ರಿಯ ಪ್ರವಚನದ ಸಭೆಯಲ್ಲಿ ಪತಂಗದ ಕಥೆ ಕೇಳಿ ತಲೆದೂಗುವವರ ನೆತ್ತಿಯ ಮೇಲೆಯೇ ದೊಡ್ಡ ದೀಪದ ಸುತ್ತ ನೂರು ಪತಂಗಗಳು ಸುತ್ತಿ ಸುತ್ತಿ ಬೀಳುತ್ತಿರುತ್ತವೆ. ಸಭೆ ಮುಗಿದ ಮೇಲೆ ಅವನ್ನು ಪೊರಕೆಯಿಂದ ಗುಡಿಸಿ ಹಾಕುತ್ತಾರೆ. ದೃಷ್ಟಾಂತದ ಪತಂಗವು ಎಲ್ಲರ ಕಿವಿಗೂ ಬೀಳುತ್ತದೆ. ದೀಪದ ಪತಂಗವು ಯಾರ ಕಣ್ಣಿಗೂ ಬೀಳುವುದಿಲ್ಲ. ಜೀವವನ್ನು ಪಾಠವಾಗಿ ಮಾತ್ರ ಕಂಡು ಜೀವವಾಗಿ ಕಾಣದಿರುವುದು ಶ್ರೋತೃವಿಗೂ ವಕ್ತೃವಿಗೂ ಸಮಾನವಾದ ಪ್ರಮಾದ.

ಮರುದಿನ ಅಜ್ಜಿ ಬಸದಿಗೆ ಹೋಗಿ ತಮ್ಮ ಸಂಕಟವನ್ನು ಇಂದ್ರರ ಮುಂದೆ ಹೇಳಿಕೊಂಡರು. ಇಂದ್ರರು ಸಮಾಧಾನ ಹೇಳಿದರು: ಸಮಂತಭದ್ರ ಸ್ವಾಮಿಗಳು ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗ, ಜಿನಪೂಜೆಯಲ್ಲಿ ಆಗುವ ಅಲ್ಪ ಸಾವದ್ಯವು ಅಪಾರ ಪುಣ್ಯದ ನಡುವೆ ದೋಷಕ್ಕೆ ಕಾರಣವಾಗದು, ವಿಷದ ಕಣವೊಂದು ಸಮುದ್ರವನ್ನು ಕೆಡಿಸಲಾರದೆಂಬ ಅಭಿಪ್ರಾಯವನ್ನು ತಿಳಿಸಿದ್ದಾರೆ, ಆದುದರಿಂದ ಎದೆಗೆಡಬೇಕಾಗಿಲ್ಲ. ಅಜ್ಜಿ ಕೈಮುಗಿದು ಕೇಳಿದರು: “ಹೌದು ಸ್ವಾಮೀ, ಆಚಾರ್ಯರ ಮಾತು ನಿಜ. ಆದರೆ ಗೊತ್ತಾದ ಮೇಲೂ ಮುಂದಿನ ವರ್ಷ ಅಷ್ಟೇ ದೀಪ ಹಚ್ಚಿದರೆ ಅದೂ ಕಣವೇ ಆಗುತ್ತದೆಯೆ?” ಇಂದ್ರರು ಸ್ವಲ್ಪ ಯೋಚಿಸಿ, “ಇಲ್ಲವಮ್ಮಾ. ಆ ಮಾತು ಇನ್ನು ನಿಮಗೆ ನೆಪವಾಗಬಾರದು,” ಎಂದರು.

ಈ ಉತ್ತರದಲ್ಲಿ ಆಗಮದ ತಿರುಳಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಬರಿಯ ಪ್ರಾಣಹರಣವನ್ನು ಹೇಳಲಿಲ್ಲ; ಪ್ರಮಾದದ ಯೋಗದಿಂದ ಆಗುವ ಪ್ರಾಣಹರಣವನ್ನು ಹೇಳಿದರು. ಎಚ್ಚರದಿಂದ ನಡೆದರೂ ಉಳಿದುಬಿಡುವ ದೋಷವು ಒಂದು. ಎಚ್ಚರವೇ ಇಲ್ಲದೆ ನಡೆದು, ಅದಕ್ಕೆ ಸಮುದ್ರದ ಉಪಮೆಯನ್ನು ಹೊದಿಸುವುದು ಇನ್ನೊಂದು. ಆಚಾರ್ಯರ ಅಭಯವು ಮೊದಲನೆಯದಕ್ಕೆ ಸಲ್ಲುತ್ತದೆ. ಯತ್ನಾಚಾರವನ್ನು ಮಾಡಿದವನಿಗೆ ಅದು ಸಮಾಧಾನ. ಯತ್ನವನ್ನೇ ಮಾಡದವನಿಗೆ ಅದು ಅನುಮತಿಪತ್ರವಲ್ಲ. ಜೈನ ಗೃಹಸ್ಥನು ಬೇಸಾಯ ಮಾಡುತ್ತಾನೆ, ಅಡುಗೆ ಮಾಡುತ್ತಾನೆ, ಮನೆ ಕಟ್ಟುತ್ತಾನೆ. ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರನೆಂಬುದನ್ನು ಶಾಸ್ತ್ರವು ಬಲ್ಲುದು. ತ್ರಸಜೀವಗಳ ಸಂಕಲ್ಪಿ ಹಿಂಸೆಯನ್ನು ಬಿಡುವುದು ಅವನ ಅಣುವ್ರತ. ಉಳಿದುದನ್ನು ಆದಷ್ಟು ಕಡಿಮೆ ಮಾಡುವುದು ಅವನ ವಿವೇಕ. ಅಲಂಕಾರಕ್ಕೆಂದು ಹಚ್ಚಿದ ದೀಪವು ಬೇಸಾಯದಂತೆ ಅನಿವಾರ್ಯವೂ ಅಲ್ಲವೆಂಬುದನ್ನು ನೆನೆಯಬೇಕು.

ಹಾಗಾದರೆ ನಿರ್ವಾಣದ ದೀಪವನ್ನೇ ಬಿಡಬೇಕೆ ಎಂದು ಕೇಳಬಹುದು. ಬಿಡಬೇಕಾಗಿಲ್ಲ. ಪಾವಾಪುರದಲ್ಲಿ ಬೆಳಗಿದ ದೀಪಮಾಲೆಯನ್ನೂ, ಅದರ ನೆನಪಿಗಾಗಿ ಭರತಕ್ಷೇತ್ರದ ಜನರು ವರ್ಷ ವರ್ಷವೂ ದೀಪಾವಳಿಯನ್ನು ಆಚರಿಸುವುದನ್ನೂ ಜಿನಸೇನಾಚಾರ್ಯರು ಕ್ರಿ. ಶ. 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿಯೇ ಹೇಳಿದ್ದಾರೆ. ಇದು ಪೂರ್ವಿಕರಿಂದ ಬಂದ ಸ್ಮರಣೆ. ಆದರೆ ಸ್ಮರಿಸಬೇಕಾದ ಜ್ಯೋತಿ ಯಾವುದು? ಸ್ವಾಮಿಯು ಸಿದ್ಧಶಿಲೆಗೆ ಏರಿದ ದಿನವೇ ಗೌತಮ ಗಣಧರರಿಗೆ ಕೇವಲಜ್ಞಾನವು ಉದಯಿಸಿತು. ಆ ಜ್ಞಾನಜ್ಯೋತಿಯ ಗುರುತಾಗಿ ಹಣತೆಯಿದೆ. ಗುರುತನ್ನೇ ವಸ್ತುವೆಂದು ತಿಳಿದು, ಎಷ್ಟು ದೀಪವೋ ಅಷ್ಟು ಭಕ್ತಿಯೆಂದು ಎಣಿಸುವವನು ಯಾರನ್ನು ಹೋಲುತ್ತಾನೆ? ದೀಪವನ್ನು ಆಕಾಶವೆಂದು ತಿಳಿದ ಪತಂಗವನ್ನೇ ಹೋಲುತ್ತಾನೆ. ತಿಥಿಯು ಮುಗಿದೊಡನೆ ದಯೆಯೂ ಮುಗಿಯಿತೆಂದು ತಿಳಿಯುವವನು ಕೂಡ ಹಾಗೆಯೇ. ಪತಂಗವು ಅಸಂಜ್ಞಿ, ಅದಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಮನಸ್ಸಿಲ್ಲ. ಸಮ್ಯಕ್ತ್ವವನ್ನು ಪಡೆಯುವ ಅವಕಾಶವಿರುವುದು ಸಂಜ್ಞಿ ಪಂಚೇಂದ್ರಿಯ ಜೀವಕ್ಕೆ. ಆ ದುರ್ಲಭವಾದ ಮನಸ್ಸನ್ನು ಪಡೆದು ಬಂದವನು ಪತಂಗದಂತೆ ಸುತ್ತುತ್ತಿದ್ದರೆ ಅದಕ್ಕೆ ಯಾವ ಕ್ಷಮೆ?

ಇನ್ನೊಂದು ತಪ್ಪು ಸಮಾಧಾನವನ್ನೂ ಇಲ್ಲಿ ಎಚ್ಚರಿಸಬೇಕು. ‘ಈಗೆಲ್ಲ ಹುಳುಗಳೇ ಕಡಿಮೆಯಾಗಿವೆ, ಹಿಂದಿನಂತೆ ದೀಪಕ್ಕೆ ಮುತ್ತುವುದಿಲ್ಲ’ ಎಂದು ಪೇಟೆಯ ಮನೆಗಳವರು ಹೇಳುವುದುಂಟು. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 63 ಕಡೆ 27 ವರ್ಷಗಳ ಕಾಲ ಹಾರುವ ಕೀಟಗಳನ್ನು ಹಿಡಿದು ತೂಗಿದ ಲೆಕ್ಕವೊಂದು 2017ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಕೀಟಗಳ ಒಟ್ಟು ತೂಕವು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಕುಗ್ಗಿಹೋಗಿತ್ತು. ಕೀಟಗಳು ಕಡಿಮೆಯಾಗುವುದಕ್ಕೆ ವಿಜ್ಞಾನಿಗಳು ಹೇಳುವ ಕಾರಣಗಳು ಹಲವು: ನೆಲೆಗಳ ನಾಶ, ಕೀಟನಾಶಕ, ಹವೆಯ ಬದಲಾವಣೆ, ಇರುಳಿನ ಕೃತಕ ಬೆಳಕು. ಕೊಲ್ಲಲು ಜೀವಗಳೇ ಉಳಿಯದಿದ್ದುದರಿಂದ ಹಿಂಸೆ ಕಡಿಮೆಯಾಯಿತೆಂದರೆ ಅದು ಅಹಿಂಸೆಯಲ್ಲ. ಬರಿದಾದ ಕೆರೆಯ ದಡದಲ್ಲಿ ಕುಳಿತು ತಾನು ಮೀನು ಹಿಡಿಯುವುದಿಲ್ಲವೆಂದು ವ್ರತ ತೊಟ್ಟವನ ಕಥೆಯಂತಾಗುತ್ತದೆ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ವಿಚಾರಿಸುವಾಗ, ಸೂರ್ಯನ ಬೆಳಕಿಲ್ಲದೆ ಉಣ್ಣುವವನು, ದೀಪವನ್ನು ಹಚ್ಚಿಕೊಂಡರೂ ಸಹ, ಅನ್ನಕ್ಕೆ ಬೀಳುವ ಸೂಕ್ಷ್ಮಜೀವಗಳ ಹಿಂಸೆಯನ್ನು ಹೇಗೆ ತಪ್ಪಿಸಿಯಾನೆಂದು ಕೇಳುತ್ತಾರೆ. ವಿದ್ಯುದ್ದೀಪ ಬಂದ ಮೇಲೆ ಈ ಪ್ರಶ್ನೆ ಹಳೆಯದಾಯಿತೆಂದು ಹಲವರು ಭಾವಿಸಿದ್ದಾರೆ. ಹಳೆಯದಾಗಿಲ್ಲ. ಬೆಳಕು ಹೆಚ್ಚಿದಂತೆಲ್ಲ ಕಾಣುವುದು ಸುಲಭವಾಯಿತು, ನಿಜ. ಆದರೆ ಸಿಕ್ಕಿಬೀಳುವ ಜೀವಗಳೂ ಹೆಚ್ಚಿದವು. ಹೊತ್ತು ಮುಳುಗುವ ಮುನ್ನ ಊಟ ಮುಗಿಸಿದ ಮನೆಯಲ್ಲಿ ಅಡುಗೆಮನೆಯ ದೀಪವು ರಾತ್ರಿ ಹತ್ತರವರೆಗೆ ಉರಿಯಬೇಕಾಗಿಲ್ಲ. ಅನಸ್ತಮಿತ ನಿಯಮವು ಅನ್ನಕ್ಕೆ ಬೀಳುವ ಹುಳುವನ್ನು ಮಾತ್ರವಲ್ಲ, ದೀಪಕ್ಕೆ ಬೀಳುವ ಹುಳುವನ್ನೂ ಕಾಪಾಡುತ್ತದೆ.

ಆ ಮನೆಯಲ್ಲಿ ಮುಂದೇನಾಯಿತೆಂಬುದನ್ನು ಹೇಳಿದರೆ ಶ್ರಾವಕರಿಗೆ ಆಚರಣೆಯ ದಾರಿಯೂ ತಿಳಿಯುತ್ತದೆ. ಮಾಡಿನ ವಿದ್ಯುದ್ದೀಪದ ಸರವನ್ನು ಹುಡುಗನು ಅಂದೇ ಇಳಿಸಿದನು. ಮರುವರ್ಷದಿಂದ ಅಲ್ಲಿ ಜಗಲಿಯುದ್ದದ ಹಣತೆಗಳಿಲ್ಲ. ದೇವರ ಕೋಣೆಯಲ್ಲಿ ಒಂದು ದೀಪ, ಬಾಗಿಲ ಒಳಗೆ ಎರಡು. ಮೂರಕ್ಕೂ ಗಾಜಿನ ಬುರುಡೆ, ಬುರುಡೆಯ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ. ಗದ್ದೆಯ ಕಡೆಯ ಕಿಟಕಿಗಳನ್ನು ಕತ್ತಲಾಗುವ ಮುನ್ನವೇ ಮುಚ್ಚುತ್ತಾರೆ. ಮುಸ್ಸಂಜೆಯಲ್ಲಿ ಹಚ್ಚಿದ ದೀಪವು ಸ್ತೋತ್ರಪಾಠ ಮುಗಿಯುವವರೆಗೆ ಉರಿದರೆ ಸಾಕೆಂದು ಗೊತ್ತು ಮಾಡಿಕೊಂಡಿದ್ದಾರೆ. ಅಂಗಳದ ಬಿಳಿಯ ಬಲ್ಬನ್ನು ತೆಗೆದು, ಬೆಳಕು ಮೇಲಕ್ಕೆ ಚೆಲ್ಲದಂತೆ ಮುಚ್ಚಳವುಳ್ಳ ಹಳದಿ ದೀಪವನ್ನು ಹಾಕಿ, ಬೇಕಾದಾಗ ಮಾತ್ರ ಉರಿಸುತ್ತಾರೆ. ನೀಲಿ ಬೆರೆತ ಬಿಳಿಯ ಬೆಳಕಿಗಿಂತ ಹಳದಿಯ ಬೆಳಕಿಗೆ ಕೀಟಗಳು ಕಡಿಮೆ ಬರುತ್ತವೆಂಬುದು ಅನುಭವಸಿದ್ಧ. ಬೆಳಗ್ಗೆ ನೆಲ ಕಾಣುವಷ್ಟು ಬೆಳಕಾದ ಮೇಲೆಯೇ ಮೆತ್ತನೆಯ ಪೊರಕೆಯಿಂದ ಗುಡಿಸುತ್ತಾರೆ. ಮಗುಚಿ ಬಿದ್ದ ಜೀವವಿದ್ದರೆ ಎಲೆಯ ಮೇಲೆತ್ತಿ ಗಿಡದ ಬುಡದಲ್ಲಿ ಬಿಡುತ್ತಾರೆ. ಇವು ದೊಡ್ಡ ತಪಸ್ಸುಗಳಲ್ಲ. ಯಾವ ಮನೆಯಲ್ಲಾದರೂ ಸಾಧ್ಯವಾದವು.

ಹುಡುಗನ ಊಟದ ವಿಷಯ. ಅಮಾವಾಸ್ಯೆಯ ಆ ರಾತ್ರಿ ಅವನು ಉಣ್ಣಲಿಲ್ಲ, ಅಜ್ಜಿ ಬೇಡವೆಂದುದರಿಂದಲ್ಲ. ಅಜ್ಜಿ ಅವನಿಗೆ ಏನನ್ನೂ ಹೇಳಿರಲಿಲ್ಲ. ಹೊರಡುವ ದಿನ ಅವನೇ ಹೇಳಿದನು: “ಅಜ್ಜೀ, ವರ್ಷವಿಡೀ ಅಂತ ಮಾತು ಕೊಡಲು ಧೈರ್ಯವಿಲ್ಲ. ಗದ್ದೆ ಕುಯ್ಲು ಮುಗಿದು ಹುಳು ಕಡಿಮೆಯಾಗುವವರೆಗೆ ಹಿಡಿಯುತ್ತೇನೆ. ಆಮೇಲೆ ನೋಡೋಣ.” ಅಜ್ಜಿ, “ಆಗುವಷ್ಟನ್ನೇ ಹಿಡಿ ಮಗೂ, ಹಿಡಿದದ್ದನ್ನು ಬಿಡಬೇಡ,” ಎಂದರು. ಜೀವಮಾನದವರೆಗಿನ ತ್ಯಾಗವು ಯಮ, ಕಾಲದ ಮಿತಿಯುಳ್ಳ ತ್ಯಾಗವು ನಿಯಮ ಎಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡನ್ನೂ ಹೇಳಿದೆ. ಅದೇ ಗ್ರಂಥವು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ರಾತ್ರಿಭುಕ್ತಿತ್ಯಾಗವನ್ನು ಆರನೆಯ ಮೆಟ್ಟಿಲಾಗಿ ಇರಿಸಿದೆ. ಮೆಟ್ಟಿಲನ್ನು ಒಮ್ಮೆಗೇ ಹಾರಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಆದರೆ ಆ ಹುಡುಗನ ನಿಯಮದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಅದರ ಅವಧಿಯನ್ನು ಅವನು ಕ್ಯಾಲೆಂಡರಿನಿಂದ ಅಳೆಯಲಿಲ್ಲ. ಗದ್ದೆಯ ಜೀವಗಳಿಂದ ಅಳೆದನು. ನಾಲ್ಕು ತಿಂಗಳು ಹಸಿವೆಯನ್ನು ಎಣಿಸುತ್ತಿದ್ದವನು ಮೊದಲ ಬಾರಿಗೆ ಆ ಹಸಿವೆಯು ಯಾರ ಸಲುವಾಗಿ ಎಂಬುದನ್ನು ಕಂಡನು. ಅಂದಿನಿಂದ ಅವನ ಉಪವಾಸವು ವ್ರತವಾಯಿತು.

ಧರ್ಮಬಂಧುಗಳು ಈ ಶರತ್ಕಾಲದಲ್ಲಿ ಒಂದು ಸಂಜೆ, ದೀಪ ಹಚ್ಚುವ ಮುನ್ನ, ಹೊಸ್ತಿಲಲ್ಲಿ ಅರೆಗಳಿಗೆ ನಿಂತು ನೋಡಲಿ. ಕತ್ತಲಿನಲ್ಲಿ ಎಷ್ಟು ರೆಕ್ಕೆಗಳು ಹಾರುತ್ತಿವೆಯೆಂಬುದು ಕಿವಿಗೊಟ್ಟರೆ ತಿಳಿಯುತ್ತದೆ. ಪ್ರತಿಕ್ರಮಣದಲ್ಲಿ ಏಕೇಂದ್ರಿಯ, ದ್ವೀಂದ್ರಿಯ, ತ್ರೀಂದ್ರಿಯ, ಚತುರಿಂದ್ರಿಯ, ಪಂಚೇಂದ್ರಿಯ ಜೀವಗಳಿಗೆ ತನ್ನಿಂದಾದ ನೋವು ಮಿಥ್ಯೆಯಾಗಲೆಂದು ಬೇಡುವಾಗ, ಚತುರಿಂದ್ರಿಯ ಎಂಬ ಪದವು ನಾಲಿಗೆಯ ಮೇಲೆ ಸುಮ್ಮನೆ ಜಾರಿಹೋಗದಿರಲಿ. ಎಣ್ಣೆಯಲ್ಲಿ ಕಾಲಾಡಿಸುವ ಹಸಿರು ಹುಳುವು ಆ ಪದದೊಡನೆ ಕಣ್ಣ ಮುಂದೆ ಬರಲಿ. ಪಂಚಾಂಗದ ವರ್ಷಾಯೋಗವು ಅಮಾವಾಸ್ಯೆಗೆ ಮುಗಿಯುತ್ತದೆ. ಶ್ರಾವಕನ ಮನೆಯ ದಯಾಯೋಗಕ್ಕೆ ಮುಕ್ತಾಯದ ತಿಥಿಯಿಲ್ಲ.

ಹಚ್ಚಿದ ಪ್ರತಿಯೊಂದು ದೀಪವೂ ಸಮ್ಯಗ್ಜ್ಞಾನದ ಗುರುತಾಗಲಿ. ಯಾವ ಜೀವಕ್ಕೂ ಅದು ಚಿತೆಯಾಗದಿರಲಿ. ಸಕಲ ಜೀವಿಗಳಿಗೂ ಅಭಯವಾಗಲಿ.

ಜೈ ಜಿನೇಂದ್ರ.